ನೆಲ ನಿಂತಿತೆಂದು ಒಲೆ ಮರೆಯಬೇಡಿ

ಭೂಮಿ ನಡುಗುವುದು ನಮ್ಮ ಕೈಯಲ್ಲಿಲ್ಲ, ಒಪ್ಪುತ್ತೇನೆ. ಒಲೆ ಆರಿಸುವುದು ನಿಮ್ಮ ಕೈಯಲ್ಲೇ ಇದೆಯಲ್ಲ!

1923ರ ಸೆಪ್ಟೆಂಬರ್ 1ರಂದು ಟೋಕಿಯೊ, ಯೊಕೊಹಾಮಾ ನಗರಗಳು ನಡುಗಿದಾಗ ಮಧ್ಯಾಹ್ನ ಹನ್ನೆರಡಕ್ಕೆ ಎರಡು ನಿಮಿಷ ಬಾಕಿ. ಮನೆಮನೆಯಲ್ಲೂ ಅಡುಗೆ ನಡೆದಿತ್ತು. ಮರದ ಮನೆಗಳು ಉರಿಯುವ ಒಲೆಗಳ ಮೇಲೇ ಕುಸಿದವು. ಜೋರು ಗಾಳಿ ಬೇರೆ. ನೀರಿನ ಕೊಳವೆಗಳೂ ಒಡೆದಿದ್ದವು. ಸತ್ತವರು 1 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಜನ ಬೆಂಕಿಗೆ ಬಲಿಯಾದವರು.

ಅದಕ್ಕೇ ಹೇಳುತ್ತೇನೆ, ಕೇಳಿ. ನೆಲ ಅದುರುವಾಗ ಅಡುಗೆಮನೆಗೆ ಓಡಬೇಡಿ. ಗಟ್ಟಿ ಮೇಜಿನಡಿ ಕೂತು ತಲೆ ಕಾಪಾಡಿಕೊಳ್ಳಿ. ಅದುರು ನಿಂತ ಕೂಡಲೇ ಒಲೆ ಆರಿಸಿ, ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ. ಗ್ಯಾಸ್ ವಾಸನೆ ಬಂದರೆ ಕಡ್ಡಿ ಗೀರಬೇಡಿ, ಲೈಟಿನ ಸ್ವಿಚ್ಚನ್ನೂ ಮುಟ್ಟಬೇಡಿ. ಎಲ್ಲ ಸರಿಯಿದೆಯೆಂದು ಖಾತ್ರಿಯಾಗುವ ತನಕ ಕಾಫಿಗೂ ಒಲೆ ಹಚ್ಚಬೇಡಿ. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಭೂಕಂಪ ಮುಗಿದ ಮೇಲೆ, ಚಿಮಣಿ ಕೆಟ್ಟಿದ್ದ ಒಲೆಯಲ್ಲಿ ತಿಂಡಿ ಮಾಡಹೋಗಿ ಹೊತ್ತಿದ ಬೆಂಕಿ ಬೀದಿಬೀದಿಗಳನ್ನೇ ನುಂಗಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದಾಗಬಾರದು.

ಇನ್ನು ಸಾಮಾನಿನ ಮೋಹ. 1923ರ ಅದೇ ಭೂಕಂಪದಲ್ಲಿ ಟೋಕಿಯೊದ ಹೊಂಜೊದಲ್ಲಿ, ಸೇನೆಯ ಉಡುಪು ಉಗ್ರಾಣವಿದ್ದ ಬಯಲಿಗೆ ಜನ ಹಾಸಿಗೆ, ಬಟ್ಟೆಬರೆ ಹೊತ್ತು, ಗಾಡಿ ತಳ್ಳಿಕೊಂಡು ಬಂದರು. ಬೆಂಕಿಯ ಸುಂಟರಗಾಳಿ ಬಂದಾಗ ಆ ಗಂಟುಮೂಟೆಗಳೇ ಹೊತ್ತಿಕೊಂಡವು. ಅಲ್ಲೊಂದರಲ್ಲೇ ಸುಮಾರು 38,000 ಜನ ಸತ್ತರು. ನೀವೂ ಒಡವೆ, ರೇಷ್ಮೆ ಸೀರೆ ಎಂದು ಬೀರು ತಡಕುವವರೇ, ನನಗೆ ಗೊತ್ತಿಲ್ಲವೆ? ಬದುಕಿದರೆ ಬೇಡಿ ತಿಂದೇನು ಅನ್ನಿ, ಹೊರಡಿ. ಕಾಗದಪತ್ರ, ಔಷಧಿ, ಟಾರ್ಚು, ನೀರನ್ನು ಒಂದು ಚೀಲದಲ್ಲಿ ಹಾಕಿ ಇಂದೇ ಬಾಗಿಲ ಬಳಿ ಇಡಿ. ಮೆಟ್ಟಿಲ ಮೇಲೆ ಹಳೇ ಪೇಪರು, ಮುರಿದ ಕುರ್ಚಿ ಪೇರಿಸಿದ್ದೀರಲ್ಲ, ಅದನ್ನು ಮೊದಲು ತೆಗೆಸಿ.

ಬಾಯಿಯ ಮೇಲೂ ಹಿಡಿತವಿರಲಿ. ಕೊರಿಯನ್ನರು ಬಾವಿಗೆ ವಿಷ ಹಾಕಿದರು, ಬೆಂಕಿ ಇಟ್ಟರು ಎಂಬ ಗಾಳಿಸುದ್ದಿ ಆ ಭೂಕಂಪದ ಬೆನ್ನಲ್ಲೇ ಟೋಕಿಯೊ ಸುತ್ತ ಹಬ್ಬಿ, ಪಾಪ, ಸಾವಿರಾರು ಕೊರಿಯನ್ನರ ಕೊಲೆಯಾಯಿತು. ಬಂದ ಮೆಸೇಜನ್ನು ಪೂರ್ತಿ ಓದದೆ ಹತ್ತು ಜನಕ್ಕೆ ಕಳಿಸುವ ಚಾಳಿ ಬಿಡಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿದರೆ?

ಜಪಾನಿನವರು 1960ರಿಂದ ಪ್ರತಿ ಸೆಪ್ಟೆಂಬರ್ 1ನ್ನು ವಿಪತ್ತು ತಡೆಯುವ ದಿನವೆಂದು ಪಾಲಿಸಿ, ತಾಲೀಮು ನಡೆಸುತ್ತಾರೆ. ಬೆಂಕಿ ಬಿದ್ದಾಗ ಬಾವಿ ತೋಡಿದರೆ ಏನು ಬಂತು? ಈ ಭಾನುವಾರ ಮನೆಯವರನ್ನೆಲ್ಲ ಕೂರಿಸಿಕೊಳ್ಳಿ. ರೆಗ್ಯುಲೇಟರ್ ತಿರುಗಿಸುವುದನ್ನು ಗಂಡಸರಿಗೂ ದೊಡ್ಡ ಮಕ್ಕಳಿಗೂ ಕಲಿಸಿ. ಹೊರಗೆ ಓಡಿದರೆ ಎಲ್ಲಿ ಸೇರಬೇಕೆಂದು ಗೊತ್ತುಮಾಡಿ. ಅರ್ಧ ಗಂಟೆಯ ಕೆಲಸ, ನಾಳೆಗೆ ತಳ್ಳಬೇಡಿ.