ಹಣ ಕೊಡುವ ಮೊದಲು ಏಜೆಂಟನ ಲೈಸೆನ್ಸ್ ನೋಡಿ

ತಮ್ಮನಿಗೆ ದುಬೈಯಲ್ಲಿ ಕೆಲಸ ಕೊಡಿಸಲು ಏಜೆಂಟನೊಬ್ಬ ಒಂದೂವರೆ ಲಕ್ಷ ಕೇಳಿದ್ದಾನೆ, ವಿಸಿಟ್ ವೀಸಾ ಸಾಕೆನ್ನುತ್ತಾನೆ ಎಂದು ಅಫಜಲಪುರದ ಅಕ್ಕನೊಬ್ಬರು ಬರೆದಿದ್ದಾರೆ. ಅವರು ಒಂದು ರೂಪಾಯಿಯನ್ನೂ ಕೊಡಬಾರದು.

ಆಳಂದ, ಅಫಜಲಪುರ, ಜೇವರ್ಗಿಯ ಮನೆಗಳು ಇಂಥ ಮೋಸಕ್ಕೆ ದೂರದ ಉದಾಹರಣೆ ಹುಡುಕಬೇಕಿಲ್ಲ. 2023ರ ಕೊನೆಯಲ್ಲಿ ಕಲಬುರಗಿ ಜಿಲ್ಲೆಯ ಮೂವರು ಯುವಕರು ಯೂಟ್ಯೂಬ್ ಏಜೆಂಟನ ಮಾತು ನಂಬಿ, ಸೆಕ್ಯೂರಿಟಿ ಕೆಲಸವೆಂದು ರಷ್ಯಾಕ್ಕೆ ಹೋದರು. ಅಲ್ಲಿ ಯುದ್ಧಕ್ಕೆಂದು ಕೈಗೆ ಬಂದದ್ದು ಬಂದೂಕು. ಇದೇ ಬಲೆಗೆ ಬಿದ್ದ ಸೂರತ್‌ನ ಯುವಕ 2024ರ ಫೆಬ್ರುವರಿಯಲ್ಲಿ ಡ್ರೋನ್ ದಾಳಿಗೆ ಬಲಿಯಾದ. ಮಾರ್ಚ್‌ನಲ್ಲಿ ಸಿಬಿಐ ಪ್ರಕರಣ ದಾಖಲಿಸಿತು. ಕಲಬುರಗಿಯ ಮಕ್ಕಳು ಮನೆ ಸೇರಿದ್ದು ಸೆಪ್ಟೆಂಬರ್‌ನಲ್ಲಿ. ಅಲ್ಲಿಯವರೆಗೆ ಆ ತಂದೆತಾಯಿಯರು ಪಟ್ಟ ಸಂಕಟ ಯಾರಿಗೂ ಬೇಡ.

1983ರ ವಲಸೆ ಕಾಯ್ದೆಯಂತೆ, ಕೇಂದ್ರದ ನೋಂದಣಿಯಿಲ್ಲದೆ ವಿದೇಶಕ್ಕೆ ಆಳು ಕಳಿಸುವುದು ಅಪರಾಧ. ನೋಂದಾಯಿತ ಏಜೆಂಟನೂ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚಿನ ಸೇವಾಶುಲ್ಕ ಪಡೆಯುವಂತಿಲ್ಲ. ಅವನ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿರಬೇಕು. ದುಬೈಯಲ್ಲಿ ವಿಸಿಟ್ ವೀಸಾದ ಮೇಲೆ ದುಡಿಯುವುದು ಅಲ್ಲಿಯ ಕಾನೂನಿಗೆ ವಿರುದ್ಧ; ಸಂಬಳ ನಿಂತರೆ ದೂರುವುದೂ ಕಷ್ಟ.

ಈಗಾಗಲೇ ಹಣ ಕೊಟ್ಟವರು ನಾಚಿಕೊಂಡು ಸುಮ್ಮನಿರಬಾರದು. ರಸೀದಿ, ಫೋನ್‌ಪೇ ದಾಖಲೆ, ವಾಟ್ಸ್‌ಆ್ಯಪ್ ಸಂದೇಶ ಹಿಡಿದು ಇಂದೇ ಹತ್ತಿರದ ಪೊಲೀಸ್ ಠಾಣೆಗೆ ದೂರು ಕೊಡಲಿ.