ಪ್ರತಿನಿಧಿಗಳಿಗೆ ಅಹವಾಲು ಹೇಳಿಕೊಳ್ಳುವ ಬಗೆ



ಶಾಲೆಯಲ್ಲಿ ನಾವು ಪತ್ರಲೇಖನವನ್ನು ಕಲಿಸುತ್ತೇವೆ. ರಜೆ ಬೇಡುವ ಪತ್ರ, ತಂದೆಗೆ ಬರೆಯುವ ಪತ್ರ, ಪುಸ್ತಕದಂಗಡಿಗೆ ಬರೆಯುವ ಪತ್ರ, ಇವನ್ನು ನಮ್ಮ ಬಾಲಿಕೆಯರೆಲ್ಲರೂ ಬಲ್ಲರು. ಆದರೆ ಮತ ಕೊಟ್ಟು ಆರಿಸಿದ ಪ್ರತಿನಿಧಿಗೆ ತಮ್ಮೂರಿನ ಕಷ್ಟವನ್ನು ತಿಳಿಯಪಡಿಸುವ ಪತ್ರವನ್ನು ಬರೆಯಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ಈ ಕೊರತೆಯನ್ನು ನಾನು ಇತರರ ಮೇಲೆ ಹೊರಿಸುವುದಿಲ್ಲ. ನಾನೇ ಆ ವಿದ್ಯೆಯನ್ನು ತಡವಾಗಿ, ಒಂದು ನಷ್ಟವನ್ನು ಕಂಡ ಮೇಲೆ ಕಲಿತೆನು.

ಕೆಲವು ವರುಷಗಳ ಹಿಂದೆ, ಶಾಲೆ ಬಿಟ್ಟ ಮೇಲೆ ಗುಡ್ಡದಾಚೆಯ ಹಳ್ಳಿಗಳಿಗೆ ಹೋಗುತ್ತಿದ್ದ ಸಂಜೆಯ ಬಸ್ಸು ನಿಂತುಹೋಯಿತು. ಮುಂದಿನ ಬಸ್ಸು ಕತ್ತಲಾದ ಮೇಲೆಯೇ. ನಾನು ಕೂಡಲೇ ಕ್ಷೇತ್ರದ ಶಾಸಕರಿಗೆ ನಾಲ್ಕು ಪುಟಗಳ ಪತ್ರವನ್ನು ಬರೆದೆನು. ಸ್ತ್ರೀವಿದ್ಯೆಯ ಮಹಿಮೆ, ಬಸ್ಸು ನಡೆಸುವವರ ಅಲಕ್ಷ್ಯ, ಶಾಲೆಯ ಬಿದ್ದ ಗೋಡೆ, ಬೇಸಗೆಯ ನೀರಿನ ತೊಂದರೆ, ಎಲ್ಲವೂ ಅದರಲ್ಲಿದ್ದವು. ನಿಂತುಹೋದ ಬಸ್ಸಿನ ವೇಳೆ ಮಾತ್ರ ಎಲ್ಲಿಯೂ ಇರಲಿಲ್ಲ! ಉತ್ತರ ಬರಲಿಲ್ಲ. ಎರಡು ತಿಂಗಳೊಳಗೆ ಎಂಟನೆಯ ತರಗತಿಯ ಇಬ್ಬರು ಬಾಲಿಕೆಯರು ಶಾಲೆ ಬಿಟ್ಟರು. ಒಬ್ಬಳ ತಾಯಿ ನನ್ನ ಬಳಿಗೆ ಬಂದು, "ಅಮ್ಮಾವರೇ, ನಾನು ಓದಿದವಳಲ್ಲ, ಹೇಗೆ ಕೇಳಬೇಕೋ ಅರಿಯೆ. ಓದಿದ ತಾವು ಬರೆದರೂ ಆಗಲಿಲ್ಲವೇ?" ಎಂದಳು. ಆ ಮಾತು ನನ್ನನ್ನು ನಾಚಿಸಿತು.

ಆಗ ಹತ್ತನೆಯ ತರಗತಿಯವರು ಒಂದು ವಾರವಿಡೀ ಕುಳಿತು, ಯಾವ ಹಳ್ಳಿಯಿಂದ ಎಷ್ಟು ಮಂದಿ ಬರುವರು, ಎಷ್ಟು ದೂರ ನಡೆಯುವರು, ಎಷ್ಟು ಗಂಟೆಗೆ ಮನೆ ಸೇರುವರು ಎಂಬುದನ್ನು ಪಟ್ಟಿಮಾಡಿದರು. ಆ ಪಟ್ಟಿಯೊಡನೆ ಒಂದೇ ಪುಟದ ಮನವಿಯನ್ನು ಹಿಡಿದು, ಮೂವರು ತಾಯಂದಿರನ್ನು ಕರೆದುಕೊಂಡು ನಾನು ಶಾಸಕರ ಕಚೇರಿಗೆ ಹೋದೆನು. ಅವರು ಪಟ್ಟಿಯನ್ನು ಓದಿ ನಮ್ಮೆದುರಿಗೇ ಡಿಪೋಗೆ ಫೋನು ಮಾಡಿದರು. ಕಾರ್ಯವು ಅಂದೇ ಆಗಲಿಲ್ಲ. ಮೂರು ಸಲ ನೆನಪುಮಾಡಿಕೊಟ್ಟ ಮೇಲೆ ಬಸ್ಸು ಮರಳಿ ಬಂದಿತು. ಶಾಲೆ ಬಿಟ್ಟವರಲ್ಲಿ ಒಬ್ಬಳು ಬಂದಳು. ಇನ್ನೊಬ್ಬಳು ಬರಲೇ ಇಲ್ಲ. ನನ್ನ ಮೊದಲನೆಯ ಪತ್ರವೇ ಸರಿಯಾಗಿದ್ದರೆ ಅವಳೂ ಉಳಿಯುತ್ತಿದ್ದಳೋ ಏನೋ! ಅವಳ ನೆನಪೇ ಈ ಪಾಠವನ್ನು ನನ್ನಿಂದ ಬರೆಯಿಸುತ್ತಿದೆ.

ಅಹವಾಲು ಹೇಳಿಕೊಳ್ಳುವುದು ನಮ್ಮ ನಾಡಿಗೆ ಹೊಸತಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲುರವರ ಕಾಲದಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯು ಹುಟ್ಟಿತು. ಅಲ್ಲಿ ಸದಸ್ಯರು ತಮ್ಮ ತಮ್ಮ ಕಡೆಯ ಕುಂದುಕೊರತೆಗಳನ್ನು ದಿವಾನರ ಮುಂದೆ ಇಡುತ್ತಿದ್ದರು. ಸ್ತ್ರೀಯರಿಗೆ ಆಗ ಅಲ್ಲಿ ಸ್ಥಾನವಿರಲಿಲ್ಲ. 1917ರ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡುರವರ ಮುಂದಾಳುತನದಲ್ಲಿ ಸ್ತ್ರೀಯರ ನಿಯೋಗವೊಂದು ಮದರಾಸಿನಲ್ಲಿ ಭಾರತಮಂತ್ರಿ ಮಾಂಟೆಗ್ಯೂರವರನ್ನು ಕಂಡು, ಪುರುಷರಿಗೆ ಸಮನಾಗಿ ಸ್ತ್ರೀಯರಿಗೂ ಮತಾಧಿಕಾರ ಬೇಕೆಂದು ಕೇಳಿತು. 1919ರ ಕಾಯಿದೆಯು ಅದನ್ನು ನೇರವಾಗಿ ಕೊಡದೆ ಪ್ರಾಂತಗಳ ಶಾಸನಸಭೆಗಳ ತೀರ್ಮಾನಕ್ಕೆ ಬಿಟ್ಟಿತು. ಕೇಳಿದವರು ಸುಮ್ಮನಾಗಲಿಲ್ಲ. 1921ರಲ್ಲಿ ಮದರಾಸಿನ ಶಾಸನಸಭೆ ಒಪ್ಪಿತು. ಮಂಗಳೂರು ಆಗ ಆ ಪ್ರಾಂತಕ್ಕೇ ಸೇರಿತ್ತು. ಅಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಆ ಸಭೆಯ ಚುನಾವಣೆಗೆ ನಿಂತರು. ಸ್ಪಷ್ಟವಾದ ಬೇಡಿಕೆಗೂ ಬಿಡದ ಪ್ರಯತ್ನಕ್ಕೂ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕಿಲ್ಲ.

ಇನ್ನು ಪಾಠಕ್ಕೆ ಬರೋಣ.

ಮೊದಲನೆಯದಾಗಿ, ಯಾರನ್ನು ಕೇಳಬೇಕೆಂಬುದನ್ನು ತಿಳಿಯತಕ್ಕದ್ದು. ಹಳ್ಳಿಯ ಬೀದಿದೀಪ, ಚರಂಡಿ, ನಲ್ಲಿನೀರು, ಇವು ಗ್ರಾಮಪಂಚಾಯತಿಯ ಕೆಲಸ. ಪಟ್ಟಣದಲ್ಲಾದರೆ ಪುರಸಭೆ ಇಲ್ಲವೆ ನಗರಸಭೆಯ ಸದಸ್ಯರನ್ನು ಕಾಣಬೇಕು. ಸರಕಾರಿ ಶಾಲೆ, ಆಸ್ಪತ್ರೆ, ರಾಜ್ಯದ ರಸ್ತೆ, ಸರಕಾರಿ ಬಸ್ಸು, ಇವುಗಳಿಗೆ ಶಾಸಕರು. ರೈಲು, ಅಂಚೆ, ರಾಷ್ಟ್ರೀಯ ಹೆದ್ದಾರಿ, ಇವುಗಳಿಗೆ ಲೋಕಸಭಾ ಸದಸ್ಯರು. ಬಾಗಿಲು ತಪ್ಪಿದರೆ ಎಷ್ಟು ತಟ್ಟಿದರೂ ಫಲವಿಲ್ಲ.

ಎರಡನೆಯದಾಗಿ, ಒಂದು ಪತ್ರಕ್ಕೆ ಒಂದೇ ವಿಷಯ. ಹತ್ತು ಕಷ್ಟಗಳನ್ನು ಕೂಡಿಸಿ ಬರೆದರೆ ಓದುವವರಿಗೆ ಒಂದೂ ನೆನಪಿನಲ್ಲಿ ಉಳಿಯದು.

ಮೂರನೆಯದಾಗಿ, ಕಂಡದ್ದನ್ನು ಎಣಿಸಿ ಬರೆಯಬೇಕು. "ಬಹಳ ತೊಂದರೆಯಾಗಿದೆ" ಎಂದರೆ ಅದು ಬರಿಯ ನಿಟ್ಟುಸಿರು. ಸ್ಥಳ, ದಿನ, ವೇಳೆ, ಜನರ ಎಣಿಕೆ ಇದ್ದರೆ ಅದು ಸಾಕ್ಷ್ಯ. ಅಂಥ ಸಂಗತಿಯನ್ನು ಹಿಡಿದು ಶಾಸಕರು ಅಧಿಕಾರಿಗಳನ್ನು ವಿಚಾರಿಸಬಹುದು. ಸಭೆಯಲ್ಲಿ ಮಂತ್ರಿಗಳಿಗೆ ಪ್ರಶ್ನೆಯನ್ನೂ ಹಾಕಬಹುದು. ಅರಿಯದುದನ್ನು ಸೇರಿಸಬಾರದು. ಒಂದು ಸುಳ್ಳು ಹೊರಬಿದ್ದರೆ ಹತ್ತು ನಿಜಗಳು ಕೆಡುವುವು. ಇತರರ ಹೆಸರಿನಲ್ಲಿ ತಾನೇ ಸಹಿ ಹಾಕುವುದಂತೂ ಕೂಡದು.

ನಾಲ್ಕನೆಯದಾಗಿ, ಏನಾಗಬೇಕೆಂಬುದನ್ನು ಒಂದೇ ವಾಕ್ಯದಲ್ಲಿ ಹೇಳಬೇಕು. ಮಾದರಿಗಾಗಿ ಒಂದು ಮನವಿ:

"ಮಾನ್ಯರೇ, ನಾವು ತಮ್ಮ ಕ್ಷೇತ್ರದ ಮತದಾರರು. ನಮ್ಮೂರಿನಿಂದ ಪ್ರೌಢಶಾಲೆಗೆ ಹೋಗುವ ದಾರಿಯ ಕಾಲುಸಂಕ ಕಳೆದ ಮಳೆಗಾಲದಲ್ಲಿ ಮುರಿದುಹೋಗಿದೆ. ಅಂದಿನಿಂದ ಮಕ್ಕಳು ಹಳ್ಳದ ನೀರಿಗೆ ಇಳಿದು ದಾಟುತ್ತಾರೆ. ಮಕ್ಕಳ ಹೆಸರುಗಳ ಪಟ್ಟಿಯೂ ಸಂಕದ ಚಿತ್ರವೂ ಜೊತೆಗಿವೆ. ಬರುವ ಮಳೆಗಾಲಕ್ಕೆ ಮುಂಚೆ ಅದನ್ನು ಕಟ್ಟಿಸಿಕೊಡಬೇಕೆಂದು ಬೇಡುತ್ತೇವೆ. ತಾವು ಕೈಗೊಳ್ಳುವ ಕ್ರಮವನ್ನು ಕೆಳಗಿನ ವಿಳಾಸಕ್ಕೆ ತಿಳಿಸುವಿರೆಂದು ನಂಬಿದ್ದೇವೆ."

ಇಷ್ಟೇ ಸಾಕು. ಇಂಗ್ಲಿಷು ಬಾರದೆಂದು ಹಿಂಜರಿಯಬೇಡಿರಿ. ನಮ್ಮ ಸಂವಿಧಾನದ 350ನೆಯ ವಿಧಿಯ ಮೇರೆಗೆ, ರಾಜ್ಯದಲ್ಲಿಯಾಗಲಿ ಕೇಂದ್ರದಲ್ಲಿಯಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗಳಿಗೆ ಅಹವಾಲು ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಉಂಟು.

ಐದನೆಯದಾಗಿ, ಹೆಸರು, ವಿಳಾಸ, ತಾರೀಖು ಇಲ್ಲದ ಪತ್ರವನ್ನು ಕಳುಹಿಸಬಾರದು. ನಕಲನ್ನು ಇಟ್ಟುಕೊಂಡು, ಕಚೇರಿಯಲ್ಲಿ ಸ್ವೀಕೃತಿಯನ್ನು ಪಡೆಯಬೇಕು. ತಕ್ಕಷ್ಟು ಕಾಲ ಕಾದು, ಹಿಂದಿನ ಪತ್ರದ ತಾರೀಖನ್ನು ಕಾಣಿಸಿ ಮತ್ತೆ ಬರೆಯಬೇಕು. ಕಚೇರಿಯಲ್ಲಿ ಅರ್ಜಿ ಏನಾಯಿತೆಂದು ತಿಳಿಯದಿದ್ದರೆ, 2005ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ ಆ ಕಚೇರಿಯ ಮಾಹಿತಿ ಅಧಿಕಾರಿಯನ್ನು ಕೇಳಬಹುದು. ಸಾಮಾನ್ಯವಾಗಿ ಅವರು 30 ದಿನಗಳೊಳಗೆ ಉತ್ತರ ಕೊಡತಕ್ಕದ್ದು. ಕಾರ್ಯವಾದ ಮೇಲೆ ವಂದನೆಯ ಪತ್ರವನ್ನು ಮರೆಯಬೇಡಿರಿ.

ಮುಖತಃ ಕಾಣಲು ಹೋಗುವವರು ಇಬ್ಬರು ಮೂವರಾಗಿ ಹೋಗಿ, ಯಾರು ಮಾತಾಡತಕ್ಕದ್ದೆಂದು ಮೊದಲೇ ಗೊತ್ತುಮಾಡಿಕೊಳ್ಳಿರಿ. ಅತಿಯಾದ ಹೊಗಳಿಕೆಯೂ ಬೇಡ, ಬೈಗಳೂ ಬೇಡ. ಪ್ರತಿನಿಧಿಯು ನಮ್ಮ ಒಡೆಯನಲ್ಲ, ನಮ್ಮ ಆಳೂ ಅಲ್ಲ. ನಮ್ಮ ಪರವಾಗಿ ಮಾತಾಡಲು ನಾವೇ ಕಳುಹಿಸಿದವನು. ನಮ್ಮ ಮಾತು ಅವನಿಗೆ ತಿಳಿಯದಿದ್ದರೆ ಅವನು ಏನನ್ನು ಆಡಿಯಾನು?

ಗ್ರಾಮಸಭೆಯಲ್ಲಿ ಊರಿನ ಮತದಾರರೆಲ್ಲರಿಗೂ ಮಾತಾಡುವ ಅಧಿಕಾರವಿದೆ. ಆದರೂ ಸ್ತ್ರೀಯರು ಹಿಂದಿನ ಸಾಲಿನಲ್ಲಿ ಕುಳಿತು ಹಾಗೆಯೇ ಎದ್ದುಬರುವುದುಂಟು. ಕರ್ನಾಟಕದ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿರುವಾಗ ನಾವು ಮೌನವಾಗಿರುವುದು ಒಪ್ಪುವ ಮಾತಲ್ಲ. ಸದಸ್ಯೆಯರಾಗಿ ಆರಿಸಲ್ಪಡುವ ನಮ್ಮ ವಿದ್ಯಾರ್ಥಿನಿಯರಿಗೂ ಒಂದು ಬಿನ್ನಹ: ಓದುಬಾರದ ತಾಯಿ ನಿಮ್ಮ ಬಾಗಿಲಿಗೆ ಬಂದರೆ, ಅವಳು ಹೇಳುವುದನ್ನು ನೀವೇ ಬರೆದುಕೊಳ್ಳಿರಿ.

ಪ್ರಿಯ ವಿದ್ಯಾರ್ಥಿನಿಯರೇ, ಶಾಲೆ ಬಿಟ್ಟ ಮೇಲೂ ಉಪಾಧ್ಯಾಯಿನಿಯು ಮನೆಪಾಠ ಕೊಡುವುದನ್ನು ಕ್ಷಮಿಸಿರಿ. ಈ ತಿಂಗಳಲ್ಲಿ ನಿಮ್ಮೂರಿನ ಒಂದು ಕಷ್ಟವನ್ನು ಆರಿಸಿ, ವಿಚಾರಿಸಿ, ಎಣಿಸಿ, ಒಂದು ಪುಟದಲ್ಲಿ ಬರೆದು ಕಳುಹಿಸಿರಿ. ನಿಮ್ಮ ಪತ್ರದಿಂದ ಒಬ್ಬ ಬಾಲಿಕೆಯಾದರೂ ಹಗಲಿರುವಾಗಲೇ ಮನೆ ಸೇರುವಂತಾದರೆ, ನಿಮಗೆ ಅಕ್ಷರ ಕಲಿಸಿದ ಶ್ರಮವು ಸಾರ್ಥಕವಾಯಿತೆಂದು ತಿಳಿಯುವೆನು.

ತಮ್ಮ ಹಿತೈಷಿಣಿ,
ಮುಖ್ಯೋಪಾಧ್ಯಾಯಿನಿ