ರಿಜಿಸ್ಟರ್‌ಗೆ ಸಿಗದ ಕೆಲಸ: ಫಿಸಿಯೋಥೆರಪಿ ವಿಭಾಗವನ್ನು ಗಮನಿಸುವ ಕ್ರಮ

ಬಾಗಲಕೋಟೆಯ ನವನಗರದ ದೊಡ್ಡ ಆಸ್ಪತ್ರೆಯಿರಲಿ, ಬಾದಾಮಿ, ಹುನಗುಂದದ ಒಂದೇ ಕೋಣೆಯ ಕ್ಲಿನಿಕ್ ಇರಲಿ, ಫಿಸಿಯೋಥೆರಪಿ ಸಿಬ್ಬಂದಿಯ ದುಡಿಮೆಯನ್ನು ರೋಗಿಗಳ ಸಂಖ್ಯೆಯಲ್ಲೇ ಲೆಕ್ಕ ಹಾಕುತ್ತೇವೆ. ಭುಜ ಹಿಡಿದುಕೊಂಡವರೂ ಒಬ್ಬರು, ಲಕ್ವಾ ಹೊಡೆದು ಮಗ್ಗುಲು ಬದಲಿಸಲಾಗದವರೂ ಒಬ್ಬರೇ. ಇನ್ನೊಬ್ಬ ಸಹಾಯಕರು ಬೇಕೆಂದು ಕೇಳಲು ಈ ಲೆಕ್ಕ ಸಾಲದು. ಕೆಲಸವನ್ನೇ ಕೂತು ನೋಡಬೇಕು.

1. ಮೊದಲು ಸಿಬ್ಬಂದಿಯ ಒಪ್ಪಿಗೆ ಪಡೆಯಿರಿ, ತಪ್ಪು ಹುಡುಕಲು ಬಂದಿಲ್ಲವೆಂದು ಹೇಳಿ. ಪರದೆಯೊಳಗೆ ಹೋಗುವ ಮುನ್ನ ರೋಗಿಯನ್ನೂ ಕೇಳಿ. ಅವರ ಹೆಸರು ಬರೆಯಬೇಡಿ.

2. ದಿನವಿಡೀ ಹಿಂದೆ ಸುತ್ತಬೇಕಿಲ್ಲ. ಮೊದಲೇ ಚೀಟಿ ಎತ್ತಿ ಆರಿಸಿಕೊಂಡ ಸಮಯಗಳಲ್ಲಿ ಒಮ್ಮೆ ನೋಡಿ, ಆ ಗಳಿಗೆಯ ಕೆಲಸ ಗುರುತಿಸಿ: ಕೈಯಿಂದ ಚಿಕಿತ್ಸೆ, ಯಂತ್ರ ಹಚ್ಚುವುದು, ನಡೆಸುವುದು, ಮನೆಯವರಿಗೆ ಕಲಿಸುವುದು, ಬರವಣಿಗೆ, ವಾರ್ಡ್‌ಗೆ ಓಡಾಟ. 1930ರ ದಶಕದಲ್ಲಿ ಎಲ್.ಎಚ್.ಸಿ. ಟಿಪೆಟ್ ಇಂಗ್ಲೆಂಡಿನ ಗಿರಣಿಗಳಲ್ಲಿ ಮಗ್ಗ ಓಡುತ್ತಿದೆಯೋ ನಿಂತಿದೆಯೋ ಎಂದು ಹೀಗೆಯೇ ನೋಡಿದವರು. ಮಗ್ಗದ ಊರಾದ ಇಳಕಲ್‌ನವರಿಗೆ ಬೇಗ ಅರ್ಥವಾಗುವ ವಿಧಾನ. ನೂರು ನೋಟದಲ್ಲಿ ಮೂವತ್ತು ಸಲ ಬರವಣಿಗೆ ಕಂಡರೆ ಸುಮಾರು ಶೇ 30ರಷ್ಟು ಹೊತ್ತು ಅದಕ್ಕೇ ಹೋಗುತ್ತಿದೆ. ಸಂತೆಯ ದಿನವನ್ನೂ ಬಿಡಬೇಡಿ.

3. ಭಾರದ ಕೆಲಸವನ್ನು ಬಿಡಿಬಿಡಿಯಾಗಿ ಬರೆಯಿರಿ. ಗಾಲಿಕುರ್ಚಿಯಿಂದ ಮಂಚಕ್ಕೆ ದಾಟಿಸುವಾಗ ಬ್ರೇಕ್ ಹಾಕಿದವರು ಯಾರು, ಸೊಂಟ ಹಿಡಿದವರು ಯಾರು, ಮಂಚ ಎಷ್ಟು ಎತ್ತರ, ಬೆನ್ನು ಎಷ್ಟು ಬಾಗಿತು? ರೋಗಿಯನ್ನು ಎತ್ತುವಾಗ ಒಬ್ಬರ ಮೇಲೆ ಸುಮಾರು 16 ಕಿಲೋಗಿಂತ ಹೆಚ್ಚು ಭಾರ ಬೀಳಬಾರದೆಂಬುದು ಅಮೆರಿಕದ ತಜ್ಞರ ಮಿತಿ. 60 ಕಿಲೋ ತೂಗುವವರ ಒಂದು ಕಾಲೇ ಹತ್ತಿರಹತ್ತಿರ 10 ಕಿಲೋ. ಎರಡನ್ನೂ ಒಟ್ಟಿಗೆ ಎತ್ತಿದರೆ ಮಿತಿ ದಾಟಿತು. ಭಂಗಿಗೆ ಅಂಕ ಕೊಡಲು ‘ರೇಬಾ’ ಪಟ್ಟಿಯಿದೆ. 15ರಲ್ಲಿ 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಬೇಗ ಬದಲಾವಣೆ ಬೇಕು.

4. ಕಣ್ಣಿಗೆ ಕಾಣದ್ದನ್ನು ಕೇಳಿ ತಿಳಿಯಿರಿ. ಹೆಬ್ಬೆರಳ ನೋವು, ಸೊಂಟನೋವು ಈ ವೃತ್ತಿಯವರಿಗೆ ಸಾಮಾನ್ಯ. ತಾವಾಗಿ ಹೇಳಿಕೊಳ್ಳುವವರು ಕಡಿಮೆ.

ನೋಡುವವರು ಹೆಚ್ಚಾಗಿ ಎಡವುವುದು ಮಾತಿನ ವಿಷಯದಲ್ಲಿ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುವ ಅಜ್ಜನನ್ನು ಸಿಬ್ಬಂದಿ ‘ಎಷ್ಟ್ ತಾಸು ಕೂಡ್ತೀರಿ, ಏಳೂದು ಹ್ಯಾಂಗ?’ ಎಂದು ಕೇಳಿದರೆ ಅದನ್ನು ಹರಟೆಯ ಖಾನೆಗೆ ಹಾಕಬೇಡಿ. ಆ ಉತ್ತರವಿಲ್ಲದೆ ಕೊಟ್ಟ ವ್ಯಾಯಾಮ ಮನೆಯಲ್ಲಿ ನಡೆಯುವುದಿಲ್ಲ. ಗ್ರಾನೈಟ್ ಕ್ವಾರಿಯ ಕೂಲಿಯವರ ಸೊಂಟನೋವಿಗೂ ಇದೇ ಮಾತು.

5. ಟಿಪ್ಪಣಿಯನ್ನು ಮೇಲಧಿಕಾರಿಗಿಂತ ಮೊದಲು ಸಿಬ್ಬಂದಿಗೆ ಓದಿ ಹೇಳಿ, ತಿದ್ದಲು ಬಿಡಿ. ಆಮೇಲೆ ಬೇಡಿಕೆಯ ಪಟ್ಟಿ. ಅದರಲ್ಲಿ ಹೊಸ ಯಂತ್ರಕ್ಕಿಂತ ಮೇಲೆ, ಎತ್ತರ ಬದಲಿಸಬಹುದಾದ ಒಂದು ಮಂಚ ಇರಲಿ.